ಅಜ್ಜನ ಹೆಸರು, ಮೊಮ್ಮಗನ ಕಾರಖಾನೆ



ಮನೆತನದ ಉದ್ಯೋಗದ ಮಾತು ಬಂದಾಗಲೆಲ್ಲ ನಮ್ಮ ಅಮೀನಗಡದ ಕಟ್ಟೆಗಳ ಮೇಲೆ ಕೇಳಿಬರುವ ಒಂದು ನುಡಿಯುಂಟು: ಅಜ್ಜ ಗಳಿಸಿದ, ಅಪ್ಪ ಉಳಿಸಿದ, ಮೊಮ್ಮಗ ಕಳೆದ. ಹೇಳುವವರಿಗೆ ಇದು ಸಲೀಸು. ಕೇಳಿಸಿಕೊಳ್ಳುವ ಮೊಮ್ಮಗನಿಗೆ ಮಾತ್ರ ಸಂಕಟ. ನಿಮ್ಮಲ್ಲಿ ಎಷ್ಟೋ ಜನ ಇಂದು ತಂದೆಯ ಅಂಗಡಿಯ ಗಲ್ಲೆಯ ಮೇಲೆ ಕುಳಿತಿದ್ದೀರಿ. ಕೆಲವರು ಮಗ್ಗ ನಡೆಸುತ್ತೀರಿ, ಕೆಲವರು ಲಾರಿ ಇಟ್ಟಿದ್ದೀರಿ, ಒಬ್ಬಿಬ್ಬರು ಮುದ್ರಣಾಲಯದವರು. ಇನ್ನು ಕೆಲವರು ಪುಣೆ, ಬೆಂಗಳೂರುಗಳಲ್ಲಿ ಯಾರದೋ ಅಜ್ಜ ಕಟ್ಟಿದ ಕಂಪನಿಗಳಲ್ಲಿ ಸಂಬಳಕ್ಕಿದ್ದೀರಿ. ಆದ್ದರಿಂದ ಈ ನುಡಿ ಎಷ್ಟು ನಿಜ, ಎಷ್ಟು ಸುಳ್ಳು ಎಂಬುದನ್ನು ಇತಿಹಾಸದ ಮಾಸ್ತರನಾಗಿದ್ದ ನಾನು ಒಮ್ಮೆ ಪರೀಕ್ಷಿಸಿ ನೋಡಬೇಕೆನಿಸಿತು.

ನಮ್ಮೂರ ಕರದಂಟಿನಿಂದಲೇ ಆರಂಭಿಸೋಣ. ಅಂಟನ್ನು ತುಪ್ಪದಲ್ಲಿ ಕರಿದು, ಬೆಲ್ಲದ ಪಾಕಕ್ಕೆ ಕೊಬ್ಬರಿ, ಉತ್ತತ್ತಿ, ಗೋಡಂಬಿ, ಗಸಗಸೆ ಸೇರಿಸಿ ಮಾಡುವ ಈ ತಿನಿಸು ಮೊದಲು ಮನೆಯ ಒಲೆಯ ಮೇಲಿನದು, ಬಾಣಂತಿಯರಿಗಾಗಿ ಮಾಡುತ್ತಿದ್ದುದು. ಅದು ಅಂಗಡಿಗೆ ಬಂದು, ಡಬ್ಬಿಗೇರಿ, ಬಸ್ಸು ಹತ್ತಿ ಊರೂರಿಗೆ ಹೋಯಿತು. ಮನೆಯಿಂದ ಹೊರಟ ಇಂಥ ಯಾವುದೇ ಉದ್ಯೋಗವನ್ನು ನೋಡಿ, ಆರಂಭದಲ್ಲಿ ನಾಲ್ಕು ಸಂಗತಿಗಳು ಒಬ್ಬನ ಕೈಯಲ್ಲೇ ಇರುತ್ತವೆ. ಪಾಕದ ಹದ ನೋಡುವವನು ಅವನೇ, ಅಂದರೆ ಕೆಲಸ ಅವನದು. ಬಂಡವಾಳ ಹಾಕಿದವನು ಅವನೇ, ಅಂದರೆ ಒಡೆತನ ಅವನದು. ಡಬ್ಬಿಯ ಮೇಲಿನ ಹೆಸರು ಅವನದು. ಮಾಲು ಕೆಟ್ಟರೆ ಮರುದಿನ ಸಂತೆಯಲ್ಲಿ ತಲೆ ತಗ್ಗಿಸಬೇಕಾದವನೂ ಅವನೇ, ಅಂದರೆ ಊರಿನ ಹೊಣೆಯೂ ಅವನದು. ಕೆಲಸ, ಒಡೆತನ, ಹೆಸರು, ಊರು: ಈ ನಾಲ್ಕು ಎಳೆಗಳನ್ನು ನೆನಪಿನಲ್ಲಿಡಿ. ಮುಂದಿನ ತಲೆಮಾರುಗಳಲ್ಲಿ ಇವು ಒಂದೊಂದಾಗಿ ಬಿಚ್ಚಿಕೊಳ್ಳುವ ಕಥೆಯೇ ಮನೆತನದ ಕಂಪನಿಗಳ ಇತಿಹಾಸ.

ಇದಕ್ಕೆ ನಮ್ಮ ಭಾಗದಲ್ಲಿ ಕಿರ್ಲೋಸ್ಕರ ಮನೆತನಕ್ಕಿಂತ ಉತ್ತಮ ಉದಾಹರಣೆ ದೊರೆಯಲಾರದು. ಕಾರಖಾನೆ, ನಾಟಕ, ಪತ್ರಿಕೆ ಮೂರನ್ನೂ ಈ ಹೆಸರಿನಲ್ಲಿ ಕಾಣಬಹುದು. ಮಹಾರಾಷ್ಟ್ರದವರು ಅವರನ್ನು ತಮ್ಮವರೆನ್ನುತ್ತಾರೆ, ಅದು ಸರಿಯೂ ಹೌದು. ಆದರೆ ಅವರ ಬೇರುಗಳಲ್ಲೊಂದು ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿದೆ. 1843ರಲ್ಲಿ ಅಲ್ಲಿ ಜನಿಸಿದ ಬಳವಂತ ಪಾಂಡುರಂಗ ಕಿರ್ಲೋಸ್ಕರರು, ಅಂದರೆ ಅಣ್ಣಾಸಾಹೇಬರು, 1880ರಲ್ಲಿ ಪುಣೆಯಲ್ಲಿ 'ಸಂಗೀತ ಶಾಕುಂತಲ' ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದರು. 1885ರಲ್ಲಿ ಅವರು ತೀರಿಕೊಂಡರೂ 'ಕಿರ್ಲೋಸ್ಕರ ನಾಟಕ ಮಂಡಳಿ' ನಿಲ್ಲಲಿಲ್ಲ. ಭಾವುರಾವ ಕೊಲ್ಹಟಕರರಂಥ ನಟರು ಅದನ್ನು ಮುನ್ನಡೆಸಿದರು. ಬಾಲಗಂಧರ್ವರು ಬೆಳಕಿಗೆ ಬಂದದ್ದು ಅದೇ ಮಂಡಳಿಯಲ್ಲಿ. 1913ರಲ್ಲಿ ಅವರು ಹೊರಬಂದು ತಮ್ಮದೇ ಗಂಧರ್ವ ನಾಟಕ ಮಂಡಳಿ ಕಟ್ಟಿದರು. ಇಲ್ಲಿ ನೋಡಿ, ಹೆಸರು ಮನೆತನದ್ದು, ಕೆಲಸ ಮಾತ್ರ ಹೊರಗಿನವರದು. ಮೊದಲ ಎಳೆ ಬಿಚ್ಚಿಕೊಂಡಿತು. ಅದರಿಂದ ಕಲೆಗೆ ನಷ್ಟವೇನೂ ಆಗಲಿಲ್ಲ.

ಅದೇ ಗುರ್ಲಹೊಸೂರಿನಲ್ಲಿ 1869ರ ಜೂನ್ 20ರಂದು ಲಕ್ಷ್ಮಣರಾವ ಕಾಶೀನಾಥ ಕಿರ್ಲೋಸ್ಕರರು ಜನಿಸಿದರು. ಚಿತ್ರಕಾರನಾಗುವ ಆಸೆಯಿಂದ ಮುಂಬಯಿಯ ಜೆ. ಜೆ. ಕಲಾಶಾಲೆಗೆ ಸೇರಿದ ಹುಡುಗನಿಗೆ ಕೆಲವು ಬಣ್ಣಗಳ ಭೇದವೇ ಕಾಣುವುದಿಲ್ಲವೆಂದು ತಿಳಿದಾಗ, ಯಂತ್ರಗಳ ರೇಖಾಚಿತ್ರದತ್ತ ತಿರುಗಿದರು. ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಶಿಕ್ಷಕರಾದರು. ನಮ್ಮ ವೃತ್ತಿಯವರೇ ಎಂಬುದು ನನಗೆ ಹೆಮ್ಮೆ. ನ್ಯಾಯವಾಗಿ ತಮಗೆ ಬರಬೇಕಿದ್ದ ಬಡ್ತಿ ತಪ್ಪಿದಾಗ ನೌಕರಿ ಬಿಟ್ಟು ಬೆಳಗಾವಿಗೆ ಬಂದರು. ಅಲ್ಲಿ ಅಣ್ಣ ರಾಮಚಂದ್ರರಾವ, ಎಲ್ಲರ ಬಾಯಲ್ಲಿ ರಾಮುಅಣ್ಣ, ಇದ್ದರು. ಸಹೋದರರ ಸೈಕಲ್ ಅಂಗಡಿ 1888ರಲ್ಲೇ ಆರಂಭವಾಗಿತ್ತು. 'ಕಿರ್ಲೋಸ್ಕರ ಬ್ರದರ್ಸ್' ಎಂಬ ಹೆಸರು ಹುಟ್ಟಿದ್ದು ಅಲ್ಲಿಂದ.

ಮುಂದೆ ಮೇವು ಕತ್ತರಿಸುವ ಯಂತ್ರ ಮಾಡಿದರು. 1903ರ ಹೊತ್ತಿಗೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಗುಲಿದರೆ ನೆಲಕ್ಕೆ ವಿಷವೇರುತ್ತದೆಂದು ರೈತರು ಹಿಂಜರಿದರು. ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತೆಂದು ಹೇಳುತ್ತಾರೆ. ಎರೆ ಭೂಮಿಯ ಒಕ್ಕಲುತನ ಬಲ್ಲ ನಿಮಗೆ, ಆಳಕ್ಕಿಳಿದ ಕರಿಕೆಯ ಬೇರಿನ ಮುಂದೆ ಕಟ್ಟಿಗೆಯ ನೇಗಿಲು ಎಷ್ಟು ಅಸಹಾಯಕವೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ಕಬ್ಬಿಣದ ಬೆಲೆ ರೈತರಿಗೆ ತಿಳಿಯುವಷ್ಟು ಕಾಲ ಲಕ್ಷ್ಮಣರಾಯರು ತಾಳ್ಮೆಯಿಂದ ಕಾದರು.

ಕಾರ್ಯಾಗಾರದ ಜಾಗವನ್ನು ತೆರವು ಮಾಡಬೇಕೆಂದು ಬೆಳಗಾವಿಯ ಪುರಸಭೆ ಹೇಳಿದಾಗ ಅವರಿಗೆ ನೆಲೆಯಿಲ್ಲದಂತಾಯಿತು. ಆಗ ಔಂಧ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು ಕುಂಡಲ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಬರಡು ನೆಲವನ್ನೂ 10,000 ರೂಪಾಯಿ ಸಾಲವನ್ನೂ ಕೊಟ್ಟರು. ಪಾಪಾಸುಕಳ್ಳಿ ಮತ್ತು ಹಾವುಗಳ ಆ ನೆಲದಲ್ಲಿ 1910ರ ಮಾರ್ಚ್ 10ರಂದು ಕಿರ್ಲೋಸ್ಕರವಾಡಿ ಕಣ್ತೆರೆಯಿತು. ಇಂದು ಅದು ಸಾಂಗಲಿ ಜಿಲ್ಲೆಯಲ್ಲಿದೆ. ಬೆಳಗಾವಿ ಕಳೆದುಕೊಂಡದ್ದು ಏನೆಂಬುದನ್ನು ಕಾಲವೇ ಹೇಳಿತು.

ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕು. 'ಮನೆತನದ ಕಂಪನಿ' ಎನ್ನುತ್ತೇವಾದರೂ ಕಿರ್ಲೋಸ್ಕರವಾಡಿಯನ್ನು ಕಟ್ಟಿದವರು ಬರಿಯ ಮನೆಯವರಲ್ಲ. ಶಂಭೋರಾವ ಜಾಂಭೇಕರ, ಲೆಕ್ಕಪತ್ರ ನೋಡಿಕೊಂಡ ಮಂಗೇಶರಾವ ರೇಗೆ, ಅನಂತರಾವ ಫಳಣೀಕರ, ಮಾರಾಟದಲ್ಲಿ ಪಳಗಿದ ಕೆ. ಕೆ. ಕುಲಕರ್ಣಿ ಇವರೆಲ್ಲ ಮೊದಲ ದಿನಗಳ ಒಡನಾಡಿಗಳು. ಫಳಣೀಕರರಿಗೆ ಪದವಿಯ ಬಲವಿರಲಿಲ್ಲ, ಯಂತ್ರದ ಬುದ್ಧಿಯಿತ್ತು. ಜೈಲು ಕಂಡು ಬಂದವರನ್ನೂ ಕಾವಲಿಗೆ ನೇಮಿಸಿಕೊಂಡು ನಂಬಿದ ಲಕ್ಷ್ಮಣರಾಯರು, ಅಸ್ಪೃಶ್ಯತೆಯನ್ನು ತಮ್ಮ ಊರಿನೊಳಗೆ ಬಿಟ್ಟುಕೊಳ್ಳಲಿಲ್ಲ. ಕಾರಖಾನೆಯೂ ಊರೂ ಒಂದೇ ಆಗಿದ್ದ ಕಾಲವದು. ಊರಿನ ಬೀದಿ, ನೀರು, ನೈರ್ಮಲ್ಯದ ಮೇಲ್ವಿಚಾರಣೆ ರಾಮುಅಣ್ಣನದು. ನಾನು ಹೇಳಿದ ನಾಲ್ಕೂ ಎಳೆಗಳು ಇಷ್ಟು ಬಿಗಿಯಾಗಿ ಹೆಣೆದುಕೊಂಡ ನಿದರ್ಶನ ಅಪರೂಪ.

1920ರಲ್ಲಿ ಕಿರ್ಲೋಸ್ಕರ ಬ್ರದರ್ಸ್ ಲಿಮಿಟೆಡ್ ಕಂಪನಿಯಾಯಿತು. 'ಲಿಮಿಟೆಡ್' ಎಂಬ ಮೂರಕ್ಷರದ ಹಿಂದೆ ದೊಡ್ಡ ಬದಲಾವಣೆ ಅಡಗಿದೆ. ಅಲ್ಲಿಯವರೆಗೆ ಸಾಲ ಮಾಡಿದರೆ ಮನೆಯ ಪಾತ್ರೆಪಗಡೆಗಳಿಗೂ ಅಪಾಯ. ಲಿಮಿಟೆಡ್ ಆದ ಮೇಲೆ ಕಂಪನಿಯೇ ಕಾನೂನಿನ ಕಣ್ಣಿನಲ್ಲಿ ಬೇರೊಬ್ಬ ವ್ಯಕ್ತಿ; ಷೇರು ಕೊಂಡವನ ನಷ್ಟ ಅವನು ಹಾಕಿದ ಹಣಕ್ಕೆ ಮಾತ್ರ ಸೀಮಿತ. ಹೊರಗಿನವರ ಬಂಡವಾಳ ಬರಲು ಇದರಿಂದ ದಾರಿಯಾಯಿತು. ಅದೇ ದಾರಿಯಿಂದ ಒಡೆತನವೆಂಬ ಎರಡನೆಯ ಎಳೆಯೂ ಮನೆಯಿಂದ ಹೊರಡಲು ಅನುವಾಯಿತು.

ಅದೇ 1920ರಲ್ಲಿ ಇನ್ನೊಂದು ಬೀಜ ಬಿತ್ತನೆಯಾಯಿತು. ಕಾರಖಾನೆಯ ಮಾಲಿನ ಸಮಾಚಾರ ತಿಳಿಸಲು 'ಕಿರ್ಲೋಸ್ಕರ ಖಬರ್' ಎಂಬ ಚಿಕ್ಕ ಪತ್ರಿಕೆ ಹೊರಟಿತು. ಅದರ ಸಂಪಾದಕರು ಲಕ್ಷ್ಮಣರಾಯರ ಅಣ್ಣನ ಮಗ ಶಂಕರರಾವ ಕಿರ್ಲೋಸ್ಕರ. ಚಿತ್ರಕಲೆ ಬಲ್ಲ, ಬರವಣಿಗೆಯ ಹುಚ್ಚಿನ ಮನುಷ್ಯ. ನೇಗಿಲು, ಪಂಪುಗಳ ಜಾಹೀರಾತಿಗೆ ಹುಟ್ಟಿದ ಹಾಳೆ ಅವರ ಕೈಯಲ್ಲಿ ಕಥೆ, ವಿಜ್ಞಾನ, ಸಮಾಜ ಸುಧಾರಣೆಯ ಮಾಸಪತ್ರಿಕೆಯಾಗಿ ಬೆಳೆಯಿತು. 1929ರಲ್ಲಿ 'ಖಬರ್' ಎಂಬುದು ಕಳಚಿ ಬರಿಯ 'ಕಿರ್ಲೋಸ್ಕರ' ಆಯಿತು. 1930ರಲ್ಲಿ ಹೆಣ್ಣುಮಕ್ಕಳಿಗಾಗಿ 'ಸ್ತ್ರೀ', 1934ರಲ್ಲಿ ತರುಣರಿಗಾಗಿ 'ಮನೋಹರ' ಬಂದವು. ಹೆಂಗಸರು ಪತ್ರಿಕೆ ಓದುವುದೇ ಅಪರೂಪವಾಗಿದ್ದ ಕಾಲದಲ್ಲಿ 'ಸ್ತ್ರೀ' ಎಷ್ಟೋ ಮನೆಗಳ ಅಡಿಗೆಮನೆಯ ಬಾಗಿಲು ದಾಟಿತು. ಕಬ್ಬಿಣದ ನೇಗಿಲು ನೆಲಕ್ಕೆ ಮಾಡಿದ್ದನ್ನೇ ಆ ಪತ್ರಿಕೆ ಮನಸ್ಸಿಗೆ ಮಾಡಿತೆಂದರೆ ಅತಿಶಯೋಕ್ತಿಯಾಗದು.

ಎರಡನೆಯ ತಲೆಮಾರಿನಲ್ಲಿ ಲಕ್ಷ್ಮಣರಾಯರ ಮಗ ಶಂತನುರಾಯರು ಬಂದರು. 1926ರಲ್ಲಿ ಅಮೆರಿಕದ ಮ್ಯಾಸಚುಸೆಟ್ಸ್ ತಾಂತ್ರಿಕ ವಿದ್ಯಾಲಯದಲ್ಲಿ ಯಂತ್ರವಿಜ್ಞಾನದ ಪದವಿ ಪಡೆದು ಮರಳಿದವರು ಇವರು. ನಮ್ಮ ನುಡಿಯ ಪ್ರಕಾರ 'ಅಪ್ಪ ಉಳಿಸಬೇಕು' ಅಷ್ಟೆ. ಇವರಾದರೋ ಹತ್ತುಮಡಿ ಬೆಳೆಸಿದರು. 1941ರಲ್ಲಿ ಮೈಸೂರು ಸಂಸ್ಥಾನದ ಬೆಂಬಲದೊಂದಿಗೆ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ, 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ ಎಲೆಕ್ಟ್ರಿಕ್, ಅದೇ ವರ್ಷ ಪುಣೆಯಲ್ಲಿ ಆಯಿಲ್ ಇಂಜಿನ್ ಕಂಪನಿ ಹುಟ್ಟಿಕೊಂಡವು. ನಮ್ಮ ಭಾಗದ ಬಾವಿಗಳ ದಂಡೆಯ ಮೇಲೆ ಕಪಿಲೆಯ ಎತ್ತುಗಳ ಜಾಗಕ್ಕೆ ಬಂದು ಡುಗುಡುಗು ಸದ್ದು ಮಾಡಿದ ಡೀಸೆಲ್ ಇಂಜಿನ್ನುಗಳನ್ನು ನನ್ನ ವಯಸ್ಸಿನವರಾರೂ ಮರೆಯಲಾರರು. 1956ರಲ್ಲಿ ಲಕ್ಷ್ಮಣರಾಯರು ಕಣ್ಮುಚ್ಚುವ ಹೊತ್ತಿಗೆ ಅವರ ಹೆಸರು ಒಂದು ಮನೆತನದ ಹೆಸರಾಗಿ ಉಳಿದಿರಲಿಲ್ಲ. ರೈತನ ಮಾತಿನಲ್ಲಿ ಇಂಜಿನ್ನಿನ ಹೆಸರೇ ಆಗಿತ್ತು.

ಆದರೆ ಬೆಳೆದದ್ದು ಹಂಚಿಹೋಗುವುದೂ ಸಹಜ. ಇದನ್ನು ಗುಣದೋಷದ ಪ್ರಶ್ನೆಯೆಂದು ನೋಡುವ ಮೊದಲು ಲೆಕ್ಕದ ಪ್ರಶ್ನೆಯೆಂದು ನೋಡಿ. ಅಜ್ಜನದು ಪೂರ್ತಿ ಹದಿನಾರಾಣೆ. ಅವನಿಗೆ ಮೂವರು ಮಕ್ಕಳು, ಅವರಿಗೆ ಮೂವರಂತೆ ಮೊಮ್ಮಕ್ಕಳು ಎಂದಿಟ್ಟುಕೊಂಡರೆ ಮೂರನೆಯ ತಲೆಮಾರಿಗೆ ಒಬ್ಬೊಬ್ಬರದು ಒಂಬತ್ತರಲ್ಲೊಂದು ಪಾಲು. ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಸಮಪಾಲೆಂದು ನಮ್ಮ ಕರ್ನಾಟಕ 1994ರಲ್ಲಿ, ಇಡೀ ದೇಶ 2005ರಲ್ಲಿ ಕಾನೂನು ಮಾಡಿಕೊಂಡ ಮೇಲೆ ಈ ಲೆಕ್ಕ ಇನ್ನಷ್ಟು ನ್ಯಾಯವಾಯಿತು, ಇನ್ನಷ್ಟು ಸೂಕ್ಷ್ಮವೂ ಆಯಿತು. ಹೊಲವನ್ನು ಬದು ಹಾಕಿ ಹಂಚಬಹುದು. ಕಾರಖಾನೆಯನ್ನು ಹಾಗೆ ಸೀಳಲಾಗದು. ಹೆಸರನ್ನಂತೂ ಸೀಳಲೇ ಆಗದು. ಶಂತನುರಾಯರು 1994ರಲ್ಲಿ ತೀರಿಕೊಂಡರು. ಅವರ ಮೊಮ್ಮಕ್ಕಳ ನಡುವೆ 2009ರಲ್ಲಿ ಕೌಟುಂಬಿಕ ಒಪ್ಪಂದವಾಯಿತು. ಮುಂದೆ ಆ ಒಪ್ಪಂದವನ್ನು ಹೇಗೆ ಅರ್ಥೈಸಬೇಕೆಂಬ ಭಿನ್ನಾಭಿಪ್ರಾಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2021ರಲ್ಲಿ ನ್ಯಾಯಾಲಯ ಮಧ್ಯಸ್ಥಿಕೆಯ ಸಲಹೆ ನೀಡಿತು. ಯಾರ ಪಕ್ಷ ಸರಿಯೆಂಬುದು ನಮ್ಮ ವಿಷಯವಲ್ಲ. ಹಣಕ್ಕಿಂತ ಹೆಸರು ಹಂಚುವುದು ಕಷ್ಟವೆಂಬುದಷ್ಟೇ ನಮಗೆ ಪಾಠ.

ಹರಿಹರದ ಕಥೆ ಬೇರೆ. ತುಂಗಭದ್ರೆಯ ದಂಡೆಯ ಆ ಊರಿನಲ್ಲಿ ತಯಾರಾದ ಲೇತು ಯಂತ್ರಗಳು ನಾಡಿನ ಎಷ್ಟೋ ಕಾರ್ಯಾಗಾರಗಳಲ್ಲಿ ತಿರುಗಿದವು. ಮೂರು ತಲೆಮಾರಿನ ಕುಶಲಕರ್ಮಿಗಳು ಅಲ್ಲಿ ಅನ್ನ ಕಂಡರು. 1991ರ ಆರ್ಥಿಕ ಸುಧಾರಣೆಯ ನಂತರ ಆಮದಿನ ಬಾಗಿಲು ತೆರೆಯಿತು, ಗಣಕಯಂತ್ರದಿಂದ ನಡೆಯುವ ಹೊಸ ಯಂತ್ರಗಳು ಬಂದವು, ಹಳೆಯ ಬಗೆಯ ಲೇತುಗಳಿಗೆ ಬೇಡಿಕೆ ಇಳಿಯಿತು. ಶತಮಾನ ತಿರುಗುವ ಹೊತ್ತಿಗೆ ಮೈಸೂರು ಕಿರ್ಲೋಸ್ಕರದ ಯಂತ್ರಗಳು ನಿಂತವು. ಅದೇ ಕಷ್ಟ ಸರಕಾರದ ಎಚ್.ಎಂ.ಟಿ.ಯನ್ನೂ ಬಿಡಲಿಲ್ಲವೆಂಬುದನ್ನು ಗಮನಿಸಿ. ಮೊಮ್ಮಗನ ಗುಣವೊಂದೇ ಕಾರಣವಾಗಿದ್ದರೆ ಅಜ್ಜನೇ ಇಲ್ಲದ ಕಂಪನಿ ಏಕೆ ಸೊರಗಬೇಕಿತ್ತು? ಆದರೂ ಒಂದು ವ್ಯತ್ಯಾಸ ಮನಸ್ಸನ್ನು ಚುಚ್ಚುತ್ತದೆ. ಒಂದು ಶಾಖೆ ಮುಚ್ಚಿದರೂ ಮನೆತನಕ್ಕೆ ಬೇರೆ ಶಾಖೆಗಳಿದ್ದವು. ಊರಿಗೆ ಇದ್ದದ್ದು ಅದೊಂದೇ. ನಾಲ್ಕನೆಯ ಎಳೆ ಕಡಿದಾಗ ಅದರ ಬೆಲೆ ತೆರುವವರು ಷೇರುದಾರರ ಪಟ್ಟಿಯಲ್ಲಿ ಇರುವುದಿಲ್ಲ.

ಪತ್ರಿಕೆಗಳೂ ಹಾಗೆಯೇ ಸರಿದುಹೋದವು. ಶಂಕರರಾಯರು 1975ರಲ್ಲಿ ತೀರಿಕೊಂಡರು. 'ಸ್ತ್ರೀ'ಯ ಸಂಪಾದಕಿಯಾಗಿದ್ದ ವಿದ್ಯಾ ಬಾಳ ಅವರು 1989ರಲ್ಲಿ 'ಮಿಳೂನ ಸಾರ್ಯಾಜಣಿ' ಎಂಬ ತಮ್ಮದೇ ಪತ್ರಿಕೆ ಆರಂಭಿಸಿದರು. ಹಳೆಯ ಪತ್ರಿಕೆಯ ಕಾಳಜಿ ಹೊಸ ಹೆಸರಿನಲ್ಲಿ ಮುಂದುವರಿಯಿತು. ಪಂಪು ಉಳಿಯಿತು, ಪತ್ರಿಕೆ ಮಸುಕಾಯಿತು, ಏಕೆ? ಪಂಪಿನ ನಕ್ಷೆಯನ್ನು ಬರೆದಿಡಬಹುದು. ಯಾವ ಸಮರ್ಥ ವ್ಯವಸ್ಥಾಪಕನಾದರೂ ಅದನ್ನು ನೋಡಿ ಮಾಲು ತೆಗೆಯಬಲ್ಲ. ಸಂಪಾದಕನ ದನಿಗೆ ನಕ್ಷೆಯಿಲ್ಲ. ಅದು ದಾಯಾದಿಗೆ ಬರುವುದಿಲ್ಲ, ಶಿಷ್ಯನಿಗೆ ಬರುತ್ತದೆ.

ಈಗ ಸ್ವಲ್ಪ ದೂರಕ್ಕೆ, ಜಪಾನಿಗೆ ಹೋಗಿ ಬರೋಣ. ಇಳಕಲ್ಲ, ಗುಳೇದಗುಡ್ಡ, ಕಮತಗಿ, ಸೂಳೇಭಾವಿಯ ನೇಕಾರ ಮನೆಗಳ ಮಕ್ಕಳಿಗೆ ಈ ಸಂಗತಿ ಹಿಡಿಸಬಹುದು. ನಮ್ಮ ಲಕ್ಷ್ಮಣರಾಯರಿಗಿಂತ ಎರಡು ವರ್ಷ ಮೊದಲು, 1867ರಲ್ಲಿ, ಬಡಿಗನ ಮಗನಾಗಿ ಹುಟ್ಟಿದ ಸಾಕಿಚಿ ತೊಯೋದಾ ಮಗ್ಗ ಸುಧಾರಿಸುತ್ತ ಹೋಗಿ, ಎಳೆ ಹರಿದೊಡನೆ ತಾನಾಗಿಯೇ ನಿಲ್ಲುವ ಮಗ್ಗ ಮಾಡಿದರು. 1926ರಲ್ಲಿ ಮಗ್ಗದ ಕಂಪನಿಯಾಯಿತು. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಆ ಮಗ್ಗದ ಹಕ್ಕು ಕೊಂಡಿತು. ಮಗ ಕಿಚಿರೋ ಮೋಟಾರಿನತ್ತ ತಿರುಗಿದರು. 1937ರಲ್ಲಿ ಟೊಯೋಟಾ ಮೋಟಾರ್ ಕಂಪನಿ ಹುಟ್ಟಿತು. ಮನೆತನದ 'ತೊಯೋದಾ' ಕಂಪನಿಗೆ 'ಟೊಯೋಟಾ' ಆಯಿತೆಂಬುದೂ ಗಮನಾರ್ಹ. ಮನೆಯ ಹೆಸರಿಗೂ ಮಾಲಿನ ಹೆಸರಿಗೂ ಒಂದಕ್ಷರದ ಅಂತರ ಅಲ್ಲಿ ಮೊದಲೇ ಉಂಟಾಯಿತು. ಈ ಎರಡು ಮನೆತನಗಳು ಕೈಜೋಡಿಸಿದ್ದು ನಮ್ಮ ರಾಜ್ಯದಲ್ಲಿಯೇ, ಅದೂ ಮೊದಲು ಜವಳಿ ಯಂತ್ರಗಳ ಮೂಲಕ, 1995ರಲ್ಲಿ. 1997ರಲ್ಲಿ ಬಿಡದಿಯ ಟೊಯೋಟಾ ಕಿರ್ಲೋಸ್ಕರ ಮೋಟಾರ್ ಸ್ಥಾಪನೆಯಾಯಿತು. ಅದರಲ್ಲಿ ಕಿರ್ಲೋಸ್ಕರರ ಪಾಲು ನೂರಕ್ಕೆ 11 ಮಾತ್ರ. ಅದನ್ನು ಕಟ್ಟಿದ ವಿಕ್ರಮ ಕಿರ್ಲೋಸ್ಕರರು 2022ರಲ್ಲಿ ನಿಧನರಾದ ಮೇಲೆ ಹೊಣೆ ಹೊತ್ತವರು ಅವರ ಮಗಳು ಮಾನಸಿ. ಗುರ್ಲಹೊಸೂರಿನ ಅಜ್ಜನ ಕಾಲದಲ್ಲಿ ಇದು ಊಹೆಗೂ ನಿಲುಕದ ಮಾತು.

ಇನ್ನು ನಮ್ಮ ಕನ್ನಡದ ಪತ್ರಿಕೆಗಳತ್ತ ಬರೋಣ. ಇಲ್ಲಿ ಮೂರು ದಾರಿಗಳು ಕಾಣುತ್ತವೆ. ಕೆ. ಎನ್. ಗುರುಸ್ವಾಮಿಯವರು 1948ರಲ್ಲಿ ಬೆಂಗಳೂರಿನಲ್ಲಿ 'ಡೆಕ್ಕನ್ ಹೆರಾಲ್ಡ್', 'ಪ್ರಜಾವಾಣಿ'ಗಳನ್ನು ಆರಂಭಿಸಿದರು. ಒಡೆತನ ಮನೆತನದಲ್ಲಿ ಉಳಿಯಿತು, ಸಂಪಾದನೆಯ ಕೆಲಸವನ್ನು ಟಿ. ಎಸ್. ರಾಮಚಂದ್ರರಾಯರಂಥ ಪತ್ರಕರ್ತರು ಬೆಳೆಸಿದರು. ಎರಡನೆಯದು ನಮ್ಮ ಹುಬ್ಬಳ್ಳಿಯ 'ಸಂಯುಕ್ತ ಕರ್ನಾಟಕ'ದ ದಾರಿ. ರಾಷ್ಟ್ರೀಯ ಚಳವಳಿಯ ಆ ಪತ್ರಿಕೆಯನ್ನು ಮನೆತನಕ್ಕೂ ಬಿಡದೆ, ಷೇರುಪೇಟೆಗೂ ಬಿಡದೆ, 1935ರ ಲೋಕ ಶಿಕ್ಷಣ ಟ್ರಸ್ಟಿಗೆ ಒಪ್ಪಿಸಲಾಯಿತು. ಮುಂದೆ 'ಕಸ್ತೂರಿ'ಯೂ ಅದರದೇ ಆಯಿತು. ಆದರೆ ಟ್ರಸ್ಟೆಂದರೆ ಸುಖವೆಂದು ತಿಳಿಯಬೇಡಿ. ಪತ್ರಿಕೆ ನಡೆಸಿ ಲಾಭ ಗಳಿಸುವುದು ಧರ್ಮಕಾರ್ಯವೆಂಬ ತೆರಿಗೆ ವಿನಾಯಿತಿಗೆ ಒಳಪಡದೆಂದು ಸುಪ್ರೀಂ ಕೋರ್ಟು 1975ರಲ್ಲಿ ತೀರ್ಪಿತ್ತಿತು.

ಮೂರನೆಯ ದಾರಿ ಗದಗಿನದು. ಪುಸ್ತಕ ಪ್ರಕಾಶನ, ಮುದ್ರಣದ ಮನೆತನದಲ್ಲಿ ಹುಟ್ಟಿದ ವಿಜಯ ಸಂಕೇಶ್ವರರು ತಂದೆಯ ಉದ್ಯೋಗ ಬಿಟ್ಟು 1976ರಲ್ಲಿ ಒಂದು ಲಾರಿಯಿಂದ ಸಾರಿಗೆ ಆರಂಭಿಸಿದ್ದು ನಿಮಗೆಲ್ಲ ಗೊತ್ತು. 1999ರಲ್ಲಿ 'ವಿಜಯ ಕರ್ನಾಟಕ' ತಂದರು, ಅಂದರೆ ತಿರುಗಿ ಅಚ್ಚಿನ ಮಸಿಗೇ ಬಂದರು. 2006ರಲ್ಲಿ ಆ ಪತ್ರಿಕೆಯನ್ನು ಟೈಮ್ಸ್ ಸಮೂಹಕ್ಕೆ ಮಾರಿದರು. ಪತ್ರಿಕೆಯೊಂದಿಗೆ ಅದರ ಹೆಸರೂ ಹೋಯಿತು. ಅವರು 2012ರಲ್ಲಿ 'ವಿಜಯವಾಣಿ' ಎಂಬ ಇನ್ನೊಂದನ್ನು ಕಟ್ಟಿದರು. ಸಾರಿಗೆ ಕಂಪನಿ 2015ರಲ್ಲಿ ಷೇರುಪೇಟೆ ಪ್ರವೇಶಿಸಿತು. ಒಬ್ಬನೇ ಮನುಷ್ಯನ ಆಯುಷ್ಯದಲ್ಲಿ ಕಟ್ಟುವುದು, ಮಾರುವುದು, ಮತ್ತೆ ಕಟ್ಟುವುದು, ಸಾರ್ವಜನಿಕರಿಗೆ ಪಾಲು ಕೊಡುವುದು ಎಲ್ಲವೂ ನಡೆದುಹೋದವು. ಕಿರ್ಲೋಸ್ಕರರಿಗೆ ಒಂದು ಶತಮಾನ ಹಿಡಿದ ಬದಲಾವಣೆ ಇಂದು ನಾಲ್ಕು ದಶಕದಲ್ಲಿ ಮುಗಿಯುತ್ತದೆ.

ಹಾಗಾದರೆ ಅಜ್ಜ, ಅಪ್ಪ, ಮೊಮ್ಮಗನ ನುಡಿ? ಇತಿಹಾಸ ಅದನ್ನು ಅರ್ಧಕ್ಕರ್ಧ ಅಲ್ಲಗಳೆಯುತ್ತದೆ. ಮೊಮ್ಮಗ ಕಳೆಯುವುದಕ್ಕಿಂತ ಹೆಚ್ಚಾಗಿ, ಅಜ್ಜನ ಕೈಯಲ್ಲಿ ಒಂದಾಗಿದ್ದುದು ಮೊಮ್ಮಗನ ಕೈಗೆ ಬಿಡಿಬಿಡಿಯಾಗಿ ಬರುತ್ತದೆ. ಅಪ್ಪ ನೆಟ್ಟ ಆಲದ ಮರವೆಂದು ನೇಣು ಹಾಕಿಕೊಳ್ಳಲಾದೀತೇ ಎಂಬ ಮಾತೂ ನಮ್ಮಲ್ಲೇ ಇದೆಯಲ್ಲ. ಕೆಲಸವನ್ನು ಬಲ್ಲವರಿಗೆ ಒಪ್ಪಿಸಬಹುದು, ಕಿರ್ಲೋಸ್ಕರವಾಡಿಯ ಫಳಣೀಕರರನ್ನು ನೆನೆಯಿರಿ. ಒಡೆತನವನ್ನು ಹಂಚಬಹುದು, ಹೆಣ್ಣುಮಕ್ಕಳನ್ನು ಮರೆಯದೆ, ಕಾಗದದ ಮೇಲೆ, ಹಿರಿಯರು ಕಣ್ಣಮುಂದಿರುವಾಗಲೇ. ಬೇಕಾದರೆ ಮಾರಲೂಬಹುದು, ಮಾರಾಟ ಅವಮಾನವಲ್ಲ. ಹೆಸರನ್ನು ಯಾರು, ಎಲ್ಲಿ, ಯಾವ ಮಾಲಿಗೆ ಬಳಸಬೇಕೆಂಬುದನ್ನು ಮಾತ್ರ ಮೊದಲೇ ಸ್ಪಷ್ಟಮಾಡಿಕೊಳ್ಳಿ. ನ್ಯಾಯಾಲಯದ ಮೆಟ್ಟಿಲಿಗೆ ಒಯ್ಯುವುದು ಹೆಚ್ಚಾಗಿ ಅದೇ.

ಉಳಿದದ್ದು ನಾಲ್ಕನೆಯ ಎಳೆ, ಊರು. ಅದನ್ನು ಯಾವ ಒಪ್ಪಂದದಲ್ಲಿಯೂ ಬರೆಯುವುದಿಲ್ಲ. ನಿಮ್ಮ ಅಂಗಡಿಯಲ್ಲಿ ನಾಲ್ಕೇ ಜನ ಕೆಲಸಕ್ಕಿರಬಹುದು. ಅವರಲ್ಲೊಬ್ಬನು ನಿಮ್ಮ ತಂದೆಯ ಕಾಲದಿಂದ ಪಾಕದ ಹದ ನೋಡುತ್ತಿರಬಹುದು, ಇಲ್ಲವೆ ಮಗ್ಗಕ್ಕೆ ಹಾಸು ಹೂಡುತ್ತಿರಬಹುದು. ಪಾಲು ಹಂಚಿಕೊಳ್ಳಲು ಕುಳಿತ ದಿನ ಅವನನ್ನೂ ಕರೆದು ಕೂಡಿಸಿಕೊಳ್ಳಿ. ಅವನ ಮುಂದಿನ ದಿನಗಳ ಮಾತು ಮೊದಲು ಮುಗಿಯಲಿ. ಆಮೇಲೆ ನಿಮ್ಮ ಪಾಲಿನ ಮಾತು ಆಡಿ.